ಕೌಸಲ್ಯಾಬಾಯಿ ಜೀಪಿಗೆ ತುಂಬಿದ ನೀರು

ಮಳೆ ಕೈಕೊಟ್ಟ ವರ್ಷ ಊರಿಗೆಲ್ಲ ಬರ, ನಮ್ಮ ಗುಜರಿ ಯಾರ್ಡಿಗೆ ಮಾತ್ರ ಸುಗ್ಗಿ. ಈ ಮಾತು ಆಡಿದ್ದಕ್ಕೆ ಜನ ನನ್ನನ್ನು ಕಲ್ಲೆದೆಯವನು ಅಂದಿದ್ದಾರೆ. ಅನ್ನಲಿ, ನನಗೇನು. ನಾನು ವೈಜಿನಾಥ, ಭಾಲ್ಕಿಯವನು. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೋರಖನಾಥ ಸೇಠನ ಗುಜರಿ ಯಾರ್ಡು ಇತ್ತು, ಅಲ್ಲಿ ತೂಕದ ಕಾಟಾ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಊರಲ್ಲಿ ಬಾವಿ ಬತ್ತಿತು, ಯಾವ ಊರಿನ ಜನ ಗುಳೆ ಎದ್ದರು ಅಂತ ತಹಶೀಲ್ದಾರರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಮೊದಲು ಬೋರಿನ ಪೈಪು ಬರುತ್ತಿದ್ದವು, ಆಮೇಲೆ ಸುಟ್ಟ ಮೋಟಾರು, ಆಮೇಲೆ ಕುಂಟೆ, ರಂಟೆಯ ಕುಳ. ಕೊನೆಗೆ ಗಾಡಿಗಳು. ಲಾತೂರಿಗೆ ರೈಲಿನಲ್ಲಿ ನೀರು ತಂದ ಆ ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಬಂದ ಕಬ್ಬಿಣವನ್ನೆಲ್ಲ ಹೆಂಗಸರು ಬಿಡಿಸುತ್ತಿದ್ದರು. ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ, ರಬ್ಬರು ಪ್ಲಾಸ್ಟಿಕ್ಕು ಬೇರೆ. ಉಳಿದ ಶುದ್ಧ ಕಬ್ಬಿಣ ಲಾರಿ ತುಂಬಿ ಜಾಲನಾ ಕಡೆಯ ಒಂದು ಭಟ್ಟಿಗೆ ಹೋಗುತ್ತಿತ್ತು. ಅಲ್ಲಿ ಅದು ಕರಗಿ, ಪುಣೆಯ ಕಾರು ಫ್ಯಾಕ್ಟರಿಗಳಿಗೆ ಬೇಕಾದ ಆಕ್ಸಲ್ಲು, ಗೇರಿನ ಹಲ್ಲು ಆಗುತ್ತದೆ ಅಂತ ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಔರಾದಿನ ಯಾವನದೋ ಮುರುಕು ಟಂಟಂ ಆಟೋ ಹೋಗಿ ಪುಣೆಯ ಸಾಹೇಬರ ಹೊಸ ಕಾರಾಗುವುದು ಅಂದರೆ ನಗು ಬರುವುದಿಲ್ಲವೇ?

ಕೌಸಲ್ಯಾಬಾಯಿ ಮಾತ್ರ ನಂಬಿದ್ದಳು. ಆಕೆ ಭಾಲ್ಕಿ ತಾಲೂಕಿನ ಮೆಹಕರದವಳು. ಗಂಡ ತೀರಿಕೊಂಡ ಮೇಲೆ ವರ್ಷಾವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಬಂದವಳು. ಆಕೆ ಹೋದಾಗಲೆಲ್ಲ ಮಗಳು ಅನುಸೂಯಾಳ ಸಾಲಿ ಮುರಿಯುತ್ತಿತ್ತು. ನಮ್ಮ ಯಾರ್ಡಿನಲ್ಲಿ ಕೆಲಸ ಸಿಕ್ಕ ದಿನ, ಇನ್ನು ಸತ್ತರೂ ಗುಳೆ ಹೋಗುವುದಿಲ್ಲ ಅಂತ ಆಣೆ ಹಾಕಿದ್ದಳಂತೆ. ಹತ್ತಿರದಲ್ಲೇ ಒಂದು ಖೋಲಿ ಹಿಡಿದಳು, ಮಗಳನ್ನು ನರ್ಸಿಂಗ್ ಕಲಿಯಲು ಹಾಕಿದಳು. ಹಾಗಾಗಿ ಈ ಯಾರ್ಡು ನಮಗೆಲ್ಲ ಹೊಟ್ಟೆಪಾಡಾದರೆ ಆಕೆಗೆ ಮಗಳ ಓದು. ಒಂದು ದಿನ ತಪ್ಪಿಸಿದವಳಲ್ಲ. ಬಾಯಿ ಮಾತ್ರ ಹರಿತ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಗೊತ್ತಿದ್ದೂ, ದಿನಾ ಬೆಳಿಗ್ಗೆ ಕಾಟಾದ ಮೇಲೆ ಒಂದು ಕಾಲಿಟ್ಟು, ನಿಮ್ಮ ಸಿಟ್ಟು ಎಷ್ಟು ಕಿಲೋ ಅದ ಮೊದಲ ಅದನ್ನ ತೂಗ್ರಿ ಸಾಹೇಬರ ಅನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ಬೈಯದಿದ್ದರೆ ಆಕೆಗೆ ಆ ದಿನ ಸಪ್ಪೆ.

ಯಾರ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಿಯಮ ಬರೆಸಿದ್ದರು: ಬಾಯಿ ಮುಚ್ಚಿದ ಪೈಪು, ಡಬ್ಬಿ ಲಾರಿಗೆ ಹಾಕಬಾರದು. ಪ್ರತಿ ಪೈಪಿನ ಎರಡೂ ತುದಿ ಕೊಯ್ದು ತೆರೆದಿರಬೇಕು. ಯಾಕೆ ಅಂತ ಸೇಠ ಯಾರಿಗೂ ಹೇಳಿರಲಿಲ್ಲ, ಕೇಳುವ ಧೈರ್ಯವೂ ಯಾರಿಗಿರಲಿಲ್ಲ. ನಾವೇ ಅರ್ಥ ಮಾಡಿಕೊಂಡಿದ್ದೆವು. ಗುಜರಿ ಮಾರುವ ಕೆಲ ಕಳ್ಳರು ಪೈಪಿನೊಳಗೆ ಮಣ್ಣು ತುಂಬಿ, ತುದಿ ಬಡಿದು, ತೂಕ ಹೆಚ್ಚಿಸುತ್ತಾರೆ. ಆ ಮೋಸಕ್ಕೇ ಈ ನಿಯಮ ಅಂತ ಎಲ್ಲರೂ ತಿಳಿದಿದ್ದೆವು.

ಆ ವರ್ಷ ಹೋಳಿ ಮುಗಿದ ಮೇಲೆ ಕೌಸಲ್ಯಾಬಾಯಿಯ ತಂಗಿ ಸತ್ತಳು. ಮೀರಾಬಾಯಿ ಅಂತ, ಔರಾದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಊರಲ್ಲಿ ಕೆಲಸ ಇಲ್ಲದೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟ ಜೀಪಿನಲ್ಲಿ ಅವಳೂ ಇದ್ದಳು. ಒಳಗೆ ಜನ, ಮೇಲೆ ಜನ, ಹಿಂದೆ ಜೋತುಬಿದ್ದ ಜನ. ಜಹೀರಾಬಾದ ದಾಟಿ ಸ್ವಲ್ಪ ದೂರ ಹೋಗಿ ಜೀಪು ಮಗುಚಿತು. ಮೀರಾಬಾಯಿ ಅದರ ಅಡಿಗೆ ಸಿಕ್ಕಿದ್ದಳು. ಜೀಪು ಎತ್ತಲು ಜನ ಕೂಡುವವರೆಗೆ ಜೀವ ಇತ್ತಂತೆ, ಅಷ್ಟು ಹೊತ್ತೂ ನೀರು ನೀರು ಅಂತ ಕೇಳಿದಳಂತೆ. ಜೀಪಿನ ಮೇಲೆ ಕಟ್ಟಿದ್ದ ಕ್ಯಾನು ಒಡೆದು ನೀರೆಲ್ಲ ಡಾಂಬರಿನ ಮೇಲೆ ಹರಿದು ಹೋಗಿತ್ತು. ಪಕ್ಕದ ಹೊಲದ ಬೋರು ಒಣಗಿತ್ತು. ಬದುಕಿ ಬಂದ ಹೆಂಗಸೊಬ್ಬಳು ಇದನ್ನೆಲ್ಲ ಕೌಸಲ್ಯಾಬಾಯಿಗೆ ಹೇಳಿದಳು. ಹೇಳದಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಕೌಸಲ್ಯಾಬಾಯಿ ಮಣ್ಣಿಗೆ ಹೋಗಿ ಬಂದು ಕೆಲಸಕ್ಕೆ ಕೂತಳು. ಅಳಲಿಲ್ಲ. ಕಾಟಾದ ಮೇಲೆ ಕಾಲಿಡುವುದನ್ನು ಬಿಟ್ಟಳು. ನಾನು ಬೈದರೂ ತುಟಿಪಿಟಕ್ಕೆನ್ನಲಿಲ್ಲ. ಅಂಥವಳು ಸುಮ್ಮನಾದದ್ದು ನೋಡಿ ನನಗೆ ಕೆಟ್ಟದೆನಿಸಿತು.

ಎರಡು ತಿಂಗಳ ಮೇಲೆ, ಉರಿ ಬಿಸಿಲಿನ ಒಂದು ದಿನ, ಆ ಜೀಪು ನಮ್ಮ ಯಾರ್ಡಿಗೇ ಬಂತು. ಜೀವ ತಗೊಂಡ ಗಾಡಿಯಲ್ಲಿ ಯಾರೂ ಕೂರುವುದಿಲ್ಲ ಅಂತ ಅದರ ಮಾಲಕ ಗುಜರಿಗೆ ಹಾಕಿದ್ದ. ನನಗೆ ಗುರುತು ಸಿಗಲಿಲ್ಲ. ಮಗುಚಿಬಿದ್ದ ಜೀಪಿನ ಫೋಟೋ ಊರವರ ಮೊಬೈಲುಗಳಲ್ಲೆಲ್ಲ ಓಡಾಡಿತ್ತು. ಅದರ ಮುಂದಿನ ಬಂಪರಿಗಿದ್ದ ಹಳದಿ ಪೈಪಿನ ಗಾರ್ಡು ನೋಡಿದ್ದೇ ಕೌಸಲ್ಯಾಬಾಯಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. ಬೇರೆ ಯಾರನ್ನೂ ಅದರ ಹತ್ತಿರ ಬಿಡಲಿಲ್ಲ. ಸೀಟು, ವೈರು, ರೇಡಿಯೇಟರು ಎಲ್ಲ ತಾನೇ ಬಿಡಿಸಿದಳು.

ನಮ್ಮ ಕಡೆ ಒಂದು ರೂಢಿ ಇದೆ. ಪ್ರಾಣ ಹೋದ ಜಾಗದಲ್ಲಿ ಒಂದು ತಂಬಿಗೆ ನೀರು ಇಡುತ್ತಾರೆ. ಮನೆಯಲ್ಲಿ ಸತ್ತರೆ ಮನೆಯಲ್ಲಿ, ಹೊಲದಲ್ಲಿ ಸತ್ತರೆ ಹೊಲದಲ್ಲಿ. ಕೌಸಲ್ಯಾಬಾಯಿಯ ಮನೆಯವರು ಬೌದ್ಧರು, ಹಿರಿಯರ ಕಾಲದಲ್ಲೇ ಪಿಂಡ, ತಿಥಿ ಎಲ್ಲ ಬಿಟ್ಟವರು. ಆಕೆಯೂ ಬಿಟ್ಟವಳೇ. ಆದರೆ ಆ ಜೀಪಿನ ಬಾನೆಟ್ಟಿನ ಮೇಲೆ ತಂಬಿಗೆ ತುಂಬ ನೀರಿಟ್ಟಳು. ಕ್ರೇನು ಬಡಿದು ಅದು ಚೆಲ್ಲಿತು. ಮತ್ತೆ ಇಟ್ಟಳು, ನಾಲ್ಕು ದಿನದ ಬಿಸಿಲಿಗೆ ಬತ್ತಿತು. ಆಗ ಆಕೆಗೆ ಏನು ಹೊಳೆಯಿತೋ, ಊಟದ ಹೊತ್ತಿನಲ್ಲಿ ಎಲ್ಲರೂ ನೆರಳಿಗೆ ಹೋದಾಗ, ಕೊಯ್ದಿಟ್ಟಿದ್ದ ಆ ಹಳದಿ ಗಾರ್ಡಿನ ಪೈಪು ತಗೊಂಡಳು. ಅದರ ಒಂದು ತುದಿಗೆ ಮೊದಲೇ ಬಿರಡೆ ಬೆಸೆದಿತ್ತು. ಇನ್ನೊಂದು ತುದಿಯಿಂದ ತನ್ನ ಪಾಲಿನ ಕುಡಿಯುವ ನೀರನ್ನೆಲ್ಲ ಅದರೊಳಗೆ ಸುರಿದಳು. ಚಿಂದಿ ತುರುಕಿ, ಬಾಯಿಯನ್ನು ಸುತ್ತಿಗೆಯಿಂದ ಬಡಿದು ಮುಚ್ಚಿದಳು. ಜೊತೆಗೆ ಕೆಲಸ ಮಾಡುವ ಮಹಮೂದಾ ಬೇಗಂ ಒಬ್ಬಳೇ ಅದನ್ನು ನೋಡಿದ್ದು. ಜೀಪು ಇರುವವರೆಗೆ ನೀರೂ ಇರಲಿ ಅಂತ ಕೌಸಲ್ಯಾಬಾಯಿಯ ಲೆಕ್ಕ. ತೂಕದಲ್ಲಿ ಮೋಸ ಆಗಬಾರದು ಅಂತ, ಜೀಪಿನ ಮಡ್‌ಗಾರ್ಡಿಗೆ ಮೆತ್ತಿದ್ದ ಮಣ್ಣನ್ನು ನೀರಿಗಿಂತ ಹೆಚ್ಚೇ ಕೆರೆದು ತೆಗೆದಿದ್ದಳು. ಆಕೆಯ ನಿಯತ್ತು ಅಂಥದ್ದು.

ಸಂಜೆ ಲಾರಿ ತುಂಬಿತು. ನಾನೇ ತೂಗಿ ಕಳಿಸಿದೆ. ಡ್ರೈವರ್ ಗುಲಶನ ಲಾರಿಯನ್ನು ಭಾಲ್ಕಿ, ಕಮಲನಗರ ದಾಟಿಸಿ ಉದಗೀರ ದಾರಿ ಹಿಡಿದ.

ಮರುದಿನ ಬೆಳಿಗ್ಗೆ ಭಟ್ಟಿಯ ಕಂಪನಿಯಿಂದ ಎಡ್ವರ್ಡ ಸಾಹೇಬರು ಬಂದರು. ದೊಡ್ಡ ಇಂಜಿನಿಯರು ಅಂತ ಸೇಠ ಕುರ್ಚಿ ಒರೆಸಿದ್ದೇ ಒರೆಸಿದ್ದು. ನೋಡಿದರೆ ನಮ್ಮ ಬೀದರದವರೇ, ಅವರ ತಾಯಿ ಮಿಶನ್ ದವಾಖಾನೆಯಲ್ಲಿ ನರ್ಸು ಆಗಿದ್ದರಂತೆ. ಮಾತೂ ನಮ್ಮದೇ. ಹೆಂಗಸರನ್ನೆಲ್ಲ ಶೆಡ್ಡಿನ ನೆರಳಿಗೆ ಕೂರಿಸಿ ತಿಳಿಸಿ ಹೇಳಿದರು. ಗುಡ್ಡ ಅಗೆದು ಹೊಸ ಕಬ್ಬಿಣ ಮಾಡಲು ಅದಿರು ಬೇಕು, ಕಲ್ಲಿದ್ದಲು ಬೇಕು, ಹೊಳೆಯಷ್ಟು ನೀರು ಬೇಕು. ಹಳೆಯ ಕಬ್ಬಿಣ ಕರಗಿಸಿದರೆ ಇವೆಲ್ಲದರಲ್ಲೂ ಬಹಳಷ್ಟು ಉಳಿತಾಯ ಆಗುತ್ತದೆ. ಈಗ ಕಾರು ಕಂಪನಿಗಳೇ ಕೇಳುತ್ತಿವೆ, ಇದರಲ್ಲಿ ಹಳೆ ಕಬ್ಬಿಣ ಎಷ್ಟು, ಎಲ್ಲಿಂದ ಬಂತು, ಯಾರು ಬಿಡಿಸಿದರು ಅಂತ. ನೀರು ಉಳಿಯುತ್ತದೆ ಅಂದಾಗ ತೂಕಡಿಸುತ್ತಿದ್ದವರೂ ಕಣ್ಣು ತೆರೆದರು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರು ಅವರು. ಹಾಗಾದರೆ ನಾವು ಕುಂತಲ್ಲೇ ನೀರು ಉಳಿಸಾಕತ್ತೀವಿ ಅಂತಾತು ಅಂತ ಮಹಮೂದಾ ಬೇಗಂ ಅಂದಳು. ಎಡ್ವರ್ಡ ಸಾಹೇಬರು ಹೌದು ಅಂದರು. ನನಗೂ ಅವತ್ತೇ ಮೊದಲ ಸಲ ನಮ್ಮ ಕೆಲಸದ ಬಗ್ಗೆ ಹೆಮ್ಮೆ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವರು ಗೋಡೆಯ ಮೇಲಿನ ನಿಯಮ ತೋರಿಸಿ, ಇದು ಯಾಕೆ ಗೊತ್ತೇನು ಅಂತ ಕೇಳಿದರು. ಮಣ್ಣು ತುಂಬಿ ಮೋಸ ಮಾಡಬಾರದು ಅಂತ ಹೆಂಗಸರು ಒಟ್ಟಿಗೆ ಹೇಳಿದರು. ಸಾಹೇಬರ ಮುಖ ಗಂಭೀರವಾಯಿತು.

"ಮೋಸದ ಮಾತಲ್ರಿ ಇದು, ಜೀವದ ಮಾತು. ಮುಚ್ಚಿದ ಪೈಪಿನ್ಯಾಗ ಒಂದು ಗ್ಲಾಸ್ ನೀರಿದ್ರೂ ಸಾಕು. ಕರಗಿದ ಕಬ್ಬಿಣದಾಗ ಮುಳುಗಿದ ಕೂಡ್ಲೇ ಅದು ಉಗಿ ಆಗ್ತದ. ಹೊರಗ ಬರಾಕ ದಾರಿ ಇರಂಗಿಲ್ಲ, ಭಟ್ಟಿನೇ ಸಿಡೀತದ. ಸುತ್ತ ನಿಂತವ್ರ ಮ್ಯಾಲ ಬೆಂಕಿ ಬಿದ್ದಂಗ ಕಬ್ಬಿಣ ಬೀಳ್ತದ."

ಬೇರೆ ಎಲ್ಲೋ ಒಂದು ಕಡೆ ಹಾಗಾದದ್ದನ್ನು ತಾನು ಕಣ್ಣಾರೆ ನೋಡಿದ್ದೇನೆ ಅಂದರು.

ನಾನು ಕೌಸಲ್ಯಾಬಾಯಿಯ ಎದುರಿಗೇ ನಿಂತಿದ್ದೆ. ಆಕೆಯ ಮುಖದ ರಕ್ತ ಇಳಿದು ಹೋದದ್ದು ಕಂಡಿತು. ಮಹಮೂದಾ ಬೇಗಂ ಆಕೆಯ ಸೀರೆಯ ಸೆರಗು ಹಿಡಿದು ಕೆಳಗೆ ಎಳೆಯುತ್ತಿದ್ದಳು, ಚುಪ್ ಬೈಠ್ ಅಂತ ಪಿಸುಗುಡುತ್ತಿದ್ದಳು. ಅವಳ ತಪ್ಪೂ ಇಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮಗಳ ಓದು ಹೋಗುತ್ತದೆ, ತಂಗಿ ಹೋದ ಹಾಗೆ ಅಕ್ಕನೂ ಇಂಥದೇ ಒಂದು ಜೀಪು ಹತ್ತಬೇಕಾಗುತ್ತದೆ. ಇಷ್ಟೂ ಆ ಹೆಂಗಸಿಗೆ ಗೊತ್ತಿತ್ತು. ಕೌಸಲ್ಯಾಬಾಯಿಗೂ ಗೊತ್ತಿತ್ತು. ಆಕೆ ಸೆರಗು ಬಿಡಿಸಿಕೊಂಡು ಎದ್ದು ನಿಂತಳು.

"ಸಾಹೇಬರ, ನಿನ್ನಿ ಲಾರಿ ನಿಂದ್ರಸ್ರಿ. ನಾ ಅದರಾಗ ನೀರ ಹಾಕೇನಿ."

ನಾನು ಗುಲಶನನಿಗೆ ಫೋನ್ ಹಚ್ಚಿದೆ. ಅವನು ರಾತ್ರಿಯೆಲ್ಲ ಗಾಡಿ ಹೊಡೆದು, ಬೆಳಿಗ್ಗೆಯೇ ಮಾಲು ಇಳಿಸಿ, ನಿದ್ದೆಗಣ್ಣಿನಲ್ಲಿ ಚಹಾ ಕುಡಿಯುತ್ತಿದ್ದ. ನಮ್ಮ ರಾಶಿಗೆ ಆಗಲೇ ಮ್ಯಾಗ್ನೆಟ್ ಹಚ್ಚಿ ಎತ್ತುತ್ತಿದ್ದಾರೆ ಅಂದ. ಎಡ್ವರ್ಡ ಸಾಹೇಬರು ಆ ಮಾತು ಕೇಳಿದ್ದೇ ತಮ್ಮ ಫೋನು ತೆಗೆದು ಭಟ್ಟಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಬೀದರದ ಮಾಲು ಭಟ್ಟಿಗೆ ಹಾಕಬೇಡಿ, ಅದರಲ್ಲಿ ನೀರು ತುಂಬಿದ ಪೈಪಿದೆ ಅಂದರು.

ಆ ಕಡೆ ಶಿಫ್ಟಿನ ಮೇಸ್ತ್ರಿ ಹಾವಗೆಪ್ಪ. ಅವನೂ ಔರಾದ ಕಡೆಯವನೇ, ಹೊಟ್ಟೆಪಾಡಿಗೆ ಅಲ್ಲಿ ಹೋಗಿ ನೆಲೆ ನಿಂತವನು. ಆ ಗುಜರಿ ತುಂಬಿದ ಕ್ರೇನಿನ ಒಂದು ಬಕೆಟ್ಟು ಎತ್ತಿಯಾಗಿದೆ, ಭಟ್ಟಿಯ ಮೇಲೆ ತೂಗಾಡುತ್ತಿದೆ, ಈಗ ನಿಲ್ಲಿಸಿದರೆ ಕರಗಿದ ಮಾಲು ತಣ್ಣಗಾಗಿ ಕೆಡುತ್ತದೆ, ಮೇಲಿನವರು ನನ್ನ ಚರ್ಮ ಸುಲಿಯುತ್ತಾರೆ ಅಂತ ಗೊಣಗಿದ. ಇದೆಲ್ಲ ಯಾರು ಹೇಳಿದ್ದು ಅಂತ ಕೇಳಿದ. ಸಾಹೇಬರು ಉತ್ತರ ಕೊಡುವ ಮೊದಲೇ ಕೌಸಲ್ಯಾಬಾಯಿ ಫೋನಿಗೆ ಬಾಯಿ ಹತ್ತಿರ ತಂದಳು.

"ನಾ ಹೇಳಾಕತ್ತೇನಿ ಅಣ್ಣಾ. ಹಳದಿ ಬಣ್ಣದ ಗಾರ್ಡಿನ ಪೈಪು, ಒಂದು ತುದಿ ಬಡದು ಚಪ್ಪಟ ಮಾಡೇನಿ. ನನ್ ತಂಗಿ ಆ ಜೀಪಿನ ಬುಡಕ ನೀರು ನೀರು ಅಂತ ಸತ್ತಾಳ. ಆಕಿಗಂತ ಹಾಕಿದ್ದೆ. ಇದು ಹಿಂಗ ಅಂತ ಗೊತ್ತಿದ್ದಿಲ್ಲ. ನಿಮ್ಮ ಕಾಲು ಬೀಳ್ತೇನಿ, ಅದನ್ನ ಹಾಕಬ್ಯಾಡ್ರಿ."

ಆ ಕಡೆ ಹಾವಗೆಪ್ಪ ಯಾರನ್ನೋ ಕೂಗಿ ಕ್ರೇನು ಹಿಂದಕ್ಕೆ ತಗೋ ಅಂದದ್ದು ಕೇಳಿತು. ಹುಡುಕಿ ಫೋನ್ ಮಾಡುತ್ತೇನೆ ಅಂತ ಇಟ್ಟ.

ಕಾಯುವ ಆ ಹೊತ್ತಿನಲ್ಲಿ ಗೋರಖನಾಥ ಸೇಠ ಬಾಯಿಗೆ ಬಂದಂತೆ ಬೈದ. ಭಟ್ಟಿಯವರು ನಮ್ಮ ಮಾಲು ಇನ್ನು ಮುಟ್ಟುವುದಿಲ್ಲ, ಯಾರ್ಡಿಗೆ ಬೀಗ ಬಿದ್ದರೆ ಈ ಅಷ್ಟೂ ಹೆಂಗಸರ ಹೊಟ್ಟೆಗೆ ಯಾರು ಹಾಕುತ್ತಾರೆ ಅಂತ ಕೂಗಾಡಿದ. ಬುದ್ಧನ ಮನೆಯವಳು ಅಂತೀ, ದೆವ್ವಕ್ಕೆ ನೀರು ಎರೆಯುತ್ತೀಯೇನು ಅಂತಲೂ ಅಂದ. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದವಳು ಆ ಮಾತಿಗೆ ಮಾತ್ರ ತಲೆ ಎತ್ತಿದಳು.

"ದೆವ್ವ ಅನಬ್ಯಾಡ್ರಿ ಸೇಠಜಿ. ಪಿಂಡ ಬಿಟ್ಟೀವಿ, ಪೂಜಾ ಬಿಟ್ಟೀವಿ. ನೀರು ಕೇಳಿದವ್ರಿಗೆ ನೀರು ಕೊಡೂದು ಬಿಟ್ಟಿಲ್ರಿ. ಬಾಬಾಸಾಹೇಬ್ರು ನೀರಿನ ಸಲುವಾಗಿನೇ ಕೆರಿಗೆ ಇಳಿದವ್ರು."

ಸೇಠನ ಸಿಟ್ಟು ಇಳಿಯಲಿಲ್ಲ. ಈಗಿಂದೀಗಲೇ ಹೊರಗೆ ನಡಿ ಅಂದ. ನಾನು ನಡುವೆ ಬಾಯಿ ಹಾಕಿದೆ. ಆಕೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಭಟ್ಟಿ ಸಿಡಿದ ಮೇಲೂ ಗೊತ್ತಾಗುತ್ತಿರಲಿಲ್ಲ, ಹೇಳಿದ್ದಕ್ಕೆ ಶಿಕ್ಷೆ ಕೊಟ್ಟರೆ ನಾಳೆ ಯಾವಳು ಹೇಳುತ್ತಾಳೆ ಅಂತ ಕೇಳಿದೆ. ನಿನಗೂ ದಾರಿ ತೆರೆದೇ ಇದೆ ಅಂದ. ಎಡ್ವರ್ಡ ಸಾಹೇಬರೂ ಹೇಳಿ ನೋಡಿದರು. ಕೇಳಲಿಲ್ಲ. ಆಕೆಯನ್ನು ಬಲಿ ಕೊಟ್ಟರೆ ಭಟ್ಟಿಯವರು ಯಾರ್ಡನ್ನು ಉಳಿಸುತ್ತಾರೆ ಅಂತ ಅವನ ಲೆಕ್ಕ. ಆ ಲೆಕ್ಕ ಸರಿಯೂ ಆಯಿತು ಅನ್ನುವುದೇ ನನ್ನ ಹೊಟ್ಟೆ ಉರಿಸುವ ಮಾತು. ಲಾರಿಗಳು ಮುಂದೆಯೂ ಹೋದವು.

ಕೌಸಲ್ಯಾಬಾಯಿ ಆಣೆ ಮುರಿದು, ಅದೇ ವಾರ ಹೈದರಾಬಾದಿಗೆ ಗುಳೆ ಹೋದಳು. ಅನುಸೂಯಾಳ ಓದು ಮಾತ್ರ ನಿಲ್ಲಲಿಲ್ಲ. ಎಡ್ವರ್ಡ ಸಾಹೇಬರ ತಾಯಿ ಅವಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಎಷ್ಟೋ ಮಳೆಗಾಲ ಕಳೆದು, ಮಗಳಿಗೆ ನೌಕರಿ ಸಿಕ್ಕ ಮೇಲೆ ಕೌಸಲ್ಯಾಬಾಯಿ ಅವಳ ಮನೆಗೆ ಬಂದಳು. ಇವೆಲ್ಲ ಆಮೇಲಿನ ಮಾತು. ಆ ದಿನ ಆಕೆ ಬುತ್ತಿಗಂಟು ಎತ್ತಿಕೊಂಡು, ತೊಟ್ಟಿದ್ದ ರಬ್ಬರ್ ಕೈಗವಸು ಬಿಚ್ಚಿ ಮಹಮೂದಾ ಬೇಗಂಳಿಗೆ ಕೊಟ್ಟು, ಗೇಟಿನವರೆಗೆ ಹೋಗಿದ್ದಳು. ಆಗ ಎಡ್ವರ್ಡ ಸಾಹೇಬರ ಫೋನು ರಿಂಗಾಯಿತು. ಅವರು ಓಡಿಹೋಗಿ ಆಕೆಯ ಮುಂದೆ ಹಿಡಿದರು. ನಾನೂ ಹಿಂದೆಯೇ ಓಡಿದೆ.

"ಅಕ್ಕಾ, ಪೈಪು ಸಿಕ್ತು," ಅಂದ ಹಾವಗೆಪ್ಪ. ಅವನ ದನಿ ಬದಲಾಗಿತ್ತು. "ಎತ್ತಿದ ಬಕೆಟ್ಟಿನ್ಯಾಗೇ ಇತ್ತು. ಬುಡದಾಗ ನಾವು ಏಳು ಮಂದಿ ನಿಂತಿದ್ವಿ."

ಕೌಸಲ್ಯಾಬಾಯಿ ಗೇಟು ಹಿಡಿದುಕೊಂಡಳು. ಹಾವಗೆಪ್ಪ ಮುಂದುವರಿಸಿದ. ಪೈಪಿನ ಬಾಯಿ ಕೊಯ್ದಿದ್ದೇವೆ, ಒಳಗೆ ನೀರು ಹಾಗೇ ಇದೆ, ಯಾಕೆ ಹಾಕಿದ್ದು ಅಂತ ಎಲ್ಲರಿಗೂ ಹೇಳಿದೆ, ಈಗ ಅದನ್ನು ಚೆಲ್ಲಲು ಯಾರಿಗೂ ಕೈ ಬರುತ್ತಿಲ್ಲ ಅಂದ. ಏನು ಮಾಡಲಿ ಅಂತ ಕೇಳಿದ.

ಭಟ್ಟಿಯ ಮುಂದೆ ಝಳ ಬಹಳ ಇರುತ್ತದೇನು ಅಂತ ಕೌಸಲ್ಯಾಬಾಯಿ ಕೇಳಿದಳು. ಇರುತ್ತದೆ, ಮಾರಿ ಸುಟ್ಟಂಗ ಆಗುತ್ತದೆ ಅಂತ ಅವನು ಹೇಳಿದ.

"ಹಂಗಾದ್ರ ಆ ನೀರಿಲೇ ಎಲ್ಲಾರೂ ಮಾರಿ ತೊಳಕೋರಿ. ಕುಡೀಬ್ಯಾಡ್ರಿ, ತುಕ್ಕು ಹಿಡದಿರ್ತದ. ಆಕಿ ಹೆಸರು ಮೀರಾಬಾಯಿ."

ಹಾವಗೆಪ್ಪ ಫೋನನ್ನು ಎಲ್ಲೋ ಪಕ್ಕಕ್ಕಿಟ್ಟ. ಬೊಗಸೆಗೆ ನೀರು ಬೀಳುವ ಸದ್ದು ಕೇಳಿತು. ಒಬ್ಬನಾದ ಮೇಲೆ ಒಬ್ಬ ಬಂದು ಮುಖಕ್ಕೆ ನೀರು ಹಾಕಿಕೊಂಡು ಹಾ ಅಂತ ಉಸಿರು ಬಿಡುವುದು ಕೇಳಿತು. ತಂಗಿ ಸತ್ತ ಮೇಲೆ ಮೊದಲ ಸಲ ಕೌಸಲ್ಯಾಬಾಯಿ ಅತ್ತಳು, ಸೆರಗು ಬಾಯಿಗೆ ಒತ್ತಿಕೊಂಡು, ಆ ಕಡೆಯವರಿಗೆ ಕೇಳದ ಹಾಗೆ. ಕೊನೆಯವನು ತೊಳೆದು ಮುಗಿಸುವವರೆಗೆ ಆಕೆ ಫೋನು ಬಿಡಲಿಲ್ಲ.